ದುರಸ್ತಿಗೆ ಮೀರಿದ ದಾಂಪತ್ಯವೂ ಕಚೇರಿಯ ಜೀಪೂ

ದುರಸ್ತಿಗೆ ಮೀರಿದೆ ಎಂದು ಅಧಿಕಾರಿ ಪ್ರಮಾಣೀಕರಿಸುವವರೆಗೆ ಯಾವುದೇ ದಾಂಪತ್ಯ ಸುಸ್ಥಿತಿಯಲ್ಲಿದೆ ಎಂದೇ ಭಾವಿಸತಕ್ಕದ್ದು. ಬಳ್ಳಾರಿಯ ಗಾಂಧಿನಗರದ ದಾಂಪತ್ಯ ದುರಸ್ತಿ ಪರಿಶೀಲನಾ ಘಟಕದ ಗೋಡೆಯ ಮೇಲೆ ಈ ಮಾತನ್ನು ದಪ್ಪಕ್ಷರದಲ್ಲಿ ಬರೆಸಲಾಗಿದೆ. ಅದರ ಕೆಳಗಿನ ಬೆಂಚಿನಲ್ಲಿ ಸಿರುಗುಪ್ಪದ ಶಾಲೆಯ ಟೀಚರು ಶಶಿರೇಖಾ ಕೂತಿದ್ದಳು. ಬೆಂಚಿನ ಆ ತುದಿಗೆ ಕುರುಗೋಡಿನ ಹುಲುಗಪ್ಪ, ಅಂದರೆ ಕಾಗದದ ಪ್ರಕಾರ ಆಕೆಯ ಗಂಡ.

ಹದಿನೆಂಟು ವರ್ಷದ ಹಿಂದೆ ಆಕೆ ಪಂಚಮಿಗೆಂದು ತವರಿಗೆ ಬಂದವಳು. ಕರೆದೊಯ್ಯಲು ಅವನು ಬರಲಿಲ್ಲ. ಕರೆಯದೆ ಹೋಗಲು ಇವಳೇನು ಬಿಟ್ಟಿ ಬಿದ್ದಿದ್ದಳೇ? ಹಾಗೇ ಇಬ್ಬರ ತಲೆಯೂ ನೆರೆಯಿತು. ಈಗ ಹಚ್ಚೊಳ್ಳಿಯ ಯರ್ರಿಸ್ವಾಮಿ, ಹೆಂಡತಿಯನ್ನು ಕಳಕೊಂಡ ಸಜ್ಜನ, ಆಕೆಯನ್ನು ಮದುವೆಯಾಗಲು ಕಾದಿದ್ದ. ಆಕೆಗೂ ಮನಸ್ಸಿತ್ತು, ಬಹಳವೇ ಇತ್ತು. ಹುಲುಗಪ್ಪನ ತಕರಾರೂ ಇರಲಿಲ್ಲ. ಕೋರ್ಟು ಮಾತ್ರ ವಿಚ್ಛೇದನಕ್ಕೆ ಘಟಕದ ವರದಿ ಕೇಳಿತ್ತು.

ಘಟಕದ ಅಧಿಕಾರಿ ವಿಶ್ವಪ್ರಿಯ ಅವರು ಸರ್ಕಾರಿ ವಾಹನಗಳ ವರ್ಕ್‌ಶಾಪಿನಿಂದ ನಿಯೋಜನೆ ಮೇಲೆ ಬಂದವರು. ದಾಂಪತ್ಯದ ನಿಯಮಾವಳಿ ಇನ್ನೂ ಮುದ್ರಣವಾಗಿ ಬಾರದ ಕಾರಣ ಜೀಪುಗಳನ್ನು ಗುಜರಿಗೆ ಹಾಕುವ ನಿಯಮಗಳನ್ನೇ ಅನ್ವಯಿಸುತ್ತಿದ್ದರು. ಯಾರೂ ಆಕ್ಷೇಪ ಎತ್ತಿರಲಿಲ್ಲ.

"ಇಬ್ಬರಿಗೂ ಈ ಸಂಸಾರ ಬ್ಯಾಡೇನು?" ಎಂದರು.

"ಬ್ಯಾಡ್ರಿ," ಇಬ್ಬರೂ ಒಂದೇ ಉಸಿರಿಗೆ ಅಂದರು.

"ನೋಡ್ರಿ ಮತ್ತ, ಎರಡೂ ಗಾಲಿ ಒಂದ ಕಡಿಗೆ ತಿರುಗಾಕತ್ಯಾವ. ಅಲೈನ್‌ಮೆಂಟ್ ಸರಿ ಐತಿ."

ಶಶಿರೇಖಾಗೆ ಉರಿದುಹೋಯಿತು. "ಸರ, ಹದಿನೆಂಟು ವರ್ಷ ಇವರ ಮಾರಿನ ನೋಡಿಲ್ರಿ ನಾ!"

"ಶೆಡ್ಡಿನ್ಯಾಗ ನಿಂತೈತಿ ಅಂದಮಾತ್ರಕ್ಕ ಕೆಟ್ಟೈತಿ ಅನ್ನಾಕ ಬರಂಗಿಲ್ಲಮ್ಮಾ. ಟ್ರಯಲ್ ಆಗಬೇಕು."

ನಿಯಮದಂತೆ ದಂಪತಿ ಒಂದೇ ವಾಹನದಲ್ಲಿ ಕೋಟೆಯವರೆಗೆ ಹೋಗಿ ಬರತಕ್ಕದ್ದು. ಕಚೇರಿಯ ಜೀಪು ಬೇವಿನ ಮರದ ಕೆಳಗಿತ್ತು. ಅದು ತಿಂಗಳು ತಿಂಗಳೂ ತಪ್ಪದೆ ಡೀಸೆಲ್ ಕುಡಿಯುತ್ತಿತ್ತು, ಓಡುತ್ತಿರಲಿಲ್ಲ ಅಷ್ಟೆ. ಡ್ರೈವರು ಚಾವಿ ತಿರುವಿದ. ಜೀಪು ಕೆಮ್ಮಿ ಸುಮ್ಮನಾಯಿತು. ದಂಪತಿ ತಳ್ಳಬೇಕೆಂದು ಅಪ್ಪಣೆಯಾಯಿತು.

"ಜೋರು ಹಾಕ್ರಿ! ಆವಾಗೂ ಹಿಂಗ, ಒಂದು ಕೆಲಸಕ್ಕ ಕೈ ಹಚ್ಚಲಿಲ್ಲ!" ಎಂದಳು ಶಶಿರೇಖಾ.

"ನೀ ಬಾಯಿ ಮುಚ್ಚಿದ್ರ ನನಗ ಎರಡಾಳಿನ ಜೋರು ಬರ್ತೈತಿ!" ಎಂದ ಹುಲುಗಪ್ಪ.

"ಕರಿಯಾಕ ಬರಬೇಕಿತ್ತು!"

"ಹೇಳಿ ಕಳಿಸಬೇಕಿತ್ತು!"

ಜೀಪು ಗುರ್ರೆಂದು ಚಾಲೂ ಆಯಿತು. ಇಡೀ ಕಚೇರಿ ಹೊರಗೆ ಬಂದು ಚಪ್ಪಾಳೆ ತಟ್ಟಿತು. ವಿಶ್ವಪ್ರಿಯ ಅಲ್ಲೇ ಬಾನೆಟ್ಟಿನ ಮೇಲೆ ಕಾಗದವಿಟ್ಟು ಆದೇಶ ಬರೆದರು: "ಸದರಿ ದಾಂಪತ್ಯವು ಜಂಟಿಯಾಗಿ ತಳ್ಳಲಾಗಿ ಚಾಲೂ ಆಗಿರುವುದರಿಂದ ಸುಸ್ಥಿತಿಯಲ್ಲಿದೆ. ಮರುಪರೀಕ್ಷೆಗೆ ಪ್ರತಿ ತಿಂಗಳು ಹಾಜರಾಗತಕ್ಕದ್ದು."

ಶಶಿರೇಖಾ ಆ ಕಾಗದಕ್ಕೆ ಕೈ ಅಡ್ಡ ಹಿಡಿದಳು. "ಹೋಗ್ಲಿ, ಜೀಪಾದ್ರೂ ಕೆಟ್ಟೈತಿ ಅಂತ ಬರೀರಿ ಸರ. ಅದರ ಜೋಡಿ ನಮ್ದೂ ಗುಜರಿಗೆ ಹೋಗಲಿ."

ಅಧಿಕಾರಿಯ ದನಿ ಇಳಿಯಿತು. "ಜೀಪು ಗುಜರಿಗೆ ಹೋದ್ರ ಡೀಸೆಲ್ ಬಿಲ್ ಹ್ಯಾಂಗ ಬರೀಲಮ್ಮಾ? ನನಗೂ ಸಂಸಾರ ಐತಿ."

ಅಳು ಬರಬೇಕಾದಲ್ಲಿ ಆಕೆಗೆ ನಗು ಬಂತು. ಹುಲುಗಪ್ಪನೂ ನಕ್ಕ. ಆ ನಗೆಯನ್ನೂ ಅಧಿಕಾರಿ ಷರಾದಲ್ಲಿ ಸೇರಿಸಿದರು.

ಅಂದಿನಿಂದ ಪ್ರತಿ ತಿಂಗಳೂ ಪರೀಕ್ಷೆ ಸಾಂಗವಾಗಿ ನಡೆಯುತ್ತಿದೆ. ಡ್ರೈವರು ರಜೆ ಹಾಕಿದ ಒಂದು ದಿನ, ಶಶಿರೇಖಾಳನ್ನು ಬೈಕಿನಲ್ಲಿ ಬಿಡಲು ಬಂದ ಯರ್ರಿಸ್ವಾಮಿಯನ್ನೇ ಅಧಿಕಾರಿ ಸ್ಟೀರಿಂಗಿಗೆ ಕೂರಿಸಿದರು. ಅದೇ ಪದ್ಧತಿಯಾಯಿತು. ಗಂಡ ಹೆಂಡತಿ ಹಿಂದಿನಿಂದ ತಳ್ಳುತ್ತಾರೆ, ಯರ್ರಿಸ್ವಾಮಿ ಕನ್ನಡಿಯಲ್ಲಿ ಆಕೆಯನ್ನೇ ನೋಡುತ್ತ ಗಾಡಿ ಹಿಡಿಯುತ್ತಾನೆ. ಜೀಪು ಬರುವ ಹೊತ್ತಿಗೆ ಗಾಂಧಿನಗರದ ಅಂಗಡಿಯವರು ತಾವಾಗಿಯೇ ಸ್ಕೂಟರು ಸರಿಸಿ ದಾರಿ ಬಿಡುತ್ತಾರೆ.

ಮೊನ್ನೆ ಚಹಾದಂಗಡಿಯ ಜಡೆಮ್ಮ ಕೇಳಿದಳು: "ಹ್ಯಾಂಗ ನಡದೈತಿ ಟೀಚರಮ್ಮಾ, ಸಂಸಾರ?"

ಶಶಿರೇಖಾ ಸೆರಗಿನಿಂದ ಬೆವರು ಒರೆಸಿಕೊಂಡಳು.

"ತಳ್ಳಿದ್ರ ನಡೀತೈತಬೇ."