ಹಲಸಿಗೂ ಹೌದು, ಲೋಂಡಾಕ್ಕೂ ಹೌದು

ದೇಶಗಳನ್ನು ಒಂದುಗೂಡಿಸುವುದು ಮೂರನೆಯವನ ಮೇಲಿನ ಸಿಟ್ಟು ಎಂದು ಬೆಳಗಾವಿಯ ಕಾಲೇಜೊಂದರಲ್ಲಿ ನಾನು ವರ್ಷಾನುಗಟ್ಟಲೆ ಪಾಠ ಹೇಳುತ್ತ ಬಂದಿದ್ದೇನೆ. ಹೇಳುವುದೇನೋ ಸುಲಭ. ಆ ಮೂರನೆಯವನು ನಾನೇ ಆಗಬಹುದೆಂದು ಯಾವ ಪಠ್ಯಪುಸ್ತಕವೂ ಮುನ್ಸೂಚನೆ ಕೊಟ್ಟಿರಲಿಲ್ಲ.

ನೆಹರು ನಗರದ ನಮ್ಮ ಮನೆಯಲ್ಲಿ ಎರಡು ಬಲಾಢ್ಯ ರಾಷ್ಟ್ರಗಳಿವೆ. ಒಂದು ನಮ್ಮವ್ವ, ಇನ್ನೊಂದು ಹೆಂಡತಿ ಸುಮನ್. ಅವ್ವನಿಗೆ ಚಹಾದಲ್ಲಿ ಶುಂಠಿ ಬೇಕು, ಲೋಂಡಾದ ಮರಾಠಿ ಮನೆಯಿಂದ ಬಂದ ಸುಮನ್‌ಗೆ ಏಲಕ್ಕಿ. ಚಹಾದಿಂದ ಶುರುವಾದ ತಕರಾರು ಒಗ್ಗರಣೆ, ಕಿಟಕಿ, ಸೀರಿಯಲ್ಲುಗಳವರೆಗೂ ಹಬ್ಬಿ, ಕೊನೆಗೆ ಒಬ್ಬರ ಮಾತು ಇನ್ನೊಬ್ಬರಿಗೆ ನನ್ನ ಮೂಲಕವೇ ತಲುಪುವಂತಾಯಿತು. ಸುಮನ್ ಒಲೆಯ ಮುಂದೆಯೇ ನಿಂತಿದ್ದರೂ ಅವ್ವ ನನ್ನ ಕಡೆ ತಿರುಗಿ, "ನಿನ್ನ ಹೇಣ್ತಿಗೆ ಹೇಳು, ಹಾಲು ಉಕ್ಕಾಕ ಹತ್ತೇತಿ" ಅನ್ನುತ್ತಿದ್ದಳು. ನಾನು ಹೇಳಿ ಮುಗಿಸುವುದರೊಳಗೆ ಹಾಲು ಕಟ್ಟೆಯ ಮೇಲಿರುತ್ತಿತ್ತು. ನೋಡಿದವರು ಪಾಪ ಅನ್ನುತ್ತಿದ್ದರು. ಖರೇ ಹೇಳುತ್ತೇನೆ, ನಾನು ಬಲು ಸುಖವಾಗಿದ್ದೆ. ಇಬ್ಬರಿಗೂ ನನ್ನ ಬೆಂಬಲ ಬೇಕಾಗಿದ್ದರಿಂದ ಬೆಳಿಗ್ಗೆ ಎರಡು ಕಪ್ ಚಹಾ, ಮಧ್ಯಾಹ್ನ ಎರಡು ಥರದ ಪಲ್ಯ, ರೊಟ್ಟಿಗೆ ಎರಡೂ ಕಡೆಯಿಂದ ಬೆಣ್ಣೆ. ಅಲಿಪ್ತ ನೀತಿ ಇಷ್ಟು ರುಚಿಯಾಗಿರುತ್ತದೆಂದು ನಾನು ತರಗತಿಯಲ್ಲಿ ಹೇಳಿಯೇ ಇರಲಿಲ್ಲ.

ಹೀಗಿರುವಾಗ ಒಂದು ದಿನ ಅವ್ವ, "ಈ ಐತವಾರ ನಿಮ್ಮ ಚಿಗವ್ವನ್ನ ನೋಡಾಕ ಹಲಸಿಗೆ ಹೋಗೂಣೇನು?" ಅಂದಳು. ಅವಳ ತಂಗಿ ಅಲ್ಲಿದ್ದಾಳೆ. "ಹೋಗೂಣವ್ವಾ. ಸುಮನ್‌ಗ ಮಾತ್ರ ಈಗ ಹೇಳಬ್ಯಾಡ" ಅಂದೆ. ಅದೇ ಸಂಜೆ ಸುಮನ್, "ಐತವಾರ ಲೋಂಡಾಕ ಹೋಗೂಣ್ರಿ, ಆಯಿ ಕರದಾಳ" ಅಂದಳು. "ಆಗಲಿ. ಅವ್ವಗ ಮಾತ್ರ ಹೇಳಬ್ಯಾಡ" ಅಂದೆ. ಇಬ್ಬರೂ ಮಾತಾಡುವುದಿಲ್ಲ, ಗುಟ್ಟು ಎಲ್ಲಿ ಹೋದೀತು ಎಂಬ ಧೈರ್ಯ. ಹೇಗೂ ಖಾನಾಪುರದವರೆಗೆ ದಾರಿ ಒಂದೇ. ಅಲ್ಲಿ ದಾರಿ ಕವಲೊಡೆಯುವಷ್ಟರಲ್ಲಿ ಏನಾದರೂ ಉಪಾಯ ಹೊಳೆದೀತು ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಎರಡು ಕೋಣೆಗಳಿಂದ ಎರಡು ಇಸ್ತ್ರಿ ಸೀರೆಗಳು ಒಟ್ಟಿಗೇ ಹೊರಬಂದವು. ಇಬ್ಬರ ಕೈಯಲ್ಲೂ ಬುತ್ತಿ.

"ಎಲ್ಲಿಗೆ ಹೊಂಟೀರಿ ಅತ್ತಿ?" ಎಂದು ಸುಮನ್ ಬಾಯಿತಪ್ಪಿ ನೇರವಾಗಿಯೇ ಕೇಳಿಬಿಟ್ಟಳು.

"ಹಲಸಿಗೆ. ನೀ?"

"ಲೋಂಡಾಕ."

"ಯಾರು ಕರಕೊಂಡು ಹೊಂಟಾರ?"

ಸುಮನ್ ನನ್ನನ್ನು ನೋಡಿದಳು. ಅವ್ವನೂ ನೋಡಿದಳು. ನಾನು ಕಾರಿನ ಗಾಜು ಒರೆಸತೊಡಗಿದೆ.

"ಬಾ ಸುಮನ್, ಬಸ್ಸಿಗೆ ಹೋಗೂಣು. ಮೊದಲ ಹಲಸಿ, ಆಮ್ಯಾಲ ನಿಮ್ಮವ್ವನ ಮನಿ" ಅಂದಳು ಅವ್ವ.

"ಮತ್ತ ನಾ?" ಅಂದೆ.

"ನೀ ಮನಿ ಕಾಯಿ."

ಹೆಂಗಸರಿಗೆ ಬಸ್ಸು ಪುಕ್ಕಟೆ. ಕಾರೂ ಬೇಕಾಗಲಿಲ್ಲ, ನಾನೂ ಬೇಕಾಗಲಿಲ್ಲ. ಎರಡೂ ಬುತ್ತಿಗಳು ನನ್ನ ಕಣ್ಣ ಮುಂದೆಯೇ ಗೇಟು ದಾಟಿದವು.

ಆ ರಾತ್ರಿ ಅವರು ಲೋಂಡಾದಲ್ಲೇ ಉಳಿದರು, ನಾನು ಖಾನಾವಳಿಯಲ್ಲಿ ಉಂಡೆ. ಮರುದಿನ ಸಂಜೆ ಬಂದವರು ಬಾಗಿಲಲ್ಲೇ ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಸಣ್ಣಂದಿನ ಪರಾಕ್ರಮಗಳನ್ನೆಲ್ಲ ಚಿಗವ್ವ ಸುಮನ್‌ಗೆ ಸವಿಸ್ತಾರವಾಗಿ ಹೇಳಿ ಕಳಿಸಿದ್ದಳು. ಮನೆಯಲ್ಲಿ ಶಾಂತಿ ನೆಲೆಸಿತೆಂದು ನಾನು ಸಂತೋಷಪಡಬೇಕಾಗಿತ್ತು. ನನಗಾದದ್ದು ಅಪ್ಪಟ ಹೊಟ್ಟೆಕಿಚ್ಚು. ಈಗ ನನಗೆ ಒಂದೇ ಕಪ್ ಚಹಾ, ಅದೂ ಅವರಿಬ್ಬರ ಹರಟೆ ಮುಗಿದ ಮೇಲೆ.

ಮೊನ್ನೆ ಅವರು ಮುಂದಿನ ಭಾನುವಾರದ ತಿರುಗಾಟದ ಬಗ್ಗೆ ಮಾತಾಡುತ್ತಿದ್ದರು. ಧೈರ್ಯ ಮಾಡಿ, "ನಾನೂ ಬರಲೇನು?" ಎಂದು ಕೇಳಿದೆ. ಅವ್ವ ಸುಮನ್ ಮುಖ ನೋಡಿದಳು, ಸುಮನ್ ಅವ್ವನ ಮುಖ ನೋಡಿದಳು.

"ಇಬ್ಬರೂ ಕುಂತು ವಿಚಾರ ಮಾಡಿ ಹೇಳ್ತೀವಿ" ಅಂದಳು ಅವ್ವ.

ವಿಚಾರ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಎರಡೂ ಹೊತ್ತು ಭಾಂಡೆ ತೊಳೆಯುವವನು ನಾನೇ, ಅವರು ನೋಡುತ್ತಿರುವಾಗ ಸ್ವಲ್ಪ ಜೋರಾಗಿಯೇ ತಿಕ್ಕುತ್ತೇನೆ.