ಮುನ್ನೂರ ಅರವತ್ತು ಹೋಳಿಗೆ

ನಮ್ಮ ಸೋದರತ್ತೆ ಯಾವುದಕ್ಕೂ ಹೆದರುವವರಲ್ಲ. ಖಾನಾಪುರದ ಕಾಡಿನಿಂದ ಆನೆ ಇಳಿದು ಬಾಗಿಲಿಗೆ ಬಂದರೂ, ಅದರ ಕಾಲು ಎಣಿಸಿ "ಎರಡೆರಡ್ಲೆ ನಾಕು" ಎಂದು ಒಳಗೆ ಹೋದಾರು. ಅವರು ನಡುಗುವುದು ಒಂದಕ್ಕೇ: ಭಾಗಾಕಾರದಲ್ಲಿ ಉಳಿಯುವ ಶೇಷಕ್ಕೆ!

ನನ್ನನ್ನೂ ತಂಗಿಯನ್ನೂ ಸಾಕಿದವರು ಇವರೇ. ಸಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ನಿವೃತ್ತರಾದ ಮೇಲೆ, ಕಂಡ ಕಂಡ ಸಂಖ್ಯೆಯನ್ನೆಲ್ಲ ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವುದೇ ಕೆಲಸ. ಹೋದ ವರ್ಷ ತಂಗಿಯನ್ನು ನೋಡಲು ಬೆಳಗಾವಿಯಿಂದ ಒಂದು ಮನೆಯವರು ಬಂದಿದ್ದರು. ಮನೆ ನಂಬರು ತೊಂಬತ್ತೊಂದು ಎಂದು ಅವರು ಹೇಳಿದ್ದೇ ತಡ, ಅತ್ತೆ ಹುಬ್ಬು ಗಂಟಿಕ್ಕಿದರು.

"ತೊಂಬತ್ತೊಂದು ನೋಡಾಕ ಅವಿಭಾಜ್ಯದಂಗ ಕಾಣ್ತದ್ರೀ. ಒಳಗ ನೋಡಿದ್ರ ಏಳ ಹದಿಮೂರ್ಲೆ! ಇಂಥಾದನ್ನ ನಂಬೂದು ಹೆಂಗ?"

ಬಂದವರು ಚಹಾ ಅರ್ಧಕ್ಕೇ ಇಟ್ಟು ಎದ್ದು ಹೋದರು.

ಈ ವರ್ಷದ ಹುಡುಗ ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಫೋಟೊ ನೋಡಿಯೇ ತಂಗಿಗೆ ಅವನು ಹಿಡಿಸಿದ್ದ. ಮೊದಲೇ ಎಚ್ಚರಿಸಿದ್ದಳು: "ಅತ್ತಿ, ಇದೂ ನಿನ್ನ ಲೆಕ್ಕದಾಗ ಮುರದ್ರ ನಾ ಮದವೀನ ಆಗೂದಿಲ್ಲ ನೋಡು!"

"ಬಾಯೇ ತೆಗಿಯೂದಿಲ್ಲ ಬಿಡವಾ."

ಬಾಯಿ ತೆಗೆಯಲಿಲ್ಲ, ಖರೆ. ಆದರೆ ಹುಡುಗನ ಕಡೆಯವರು ಬರುವ ದಿನ ಬೆಳಗಾವಿಯ ಬಸ್ಸಿಳಿದು ಮನೆಯ ಬಾಗಿಲು ದೂಡಿದವನು ನಾನು ಹಾಗೇ ನಿಂತುಬಿಟ್ಟೆ. ಮಂಚದ ಮೇಲೆ ಹೋಳಿಗೆ. ಹೊಲಿಗೆ ಯಂತ್ರದ ಮೇಲೆ ಹೋಳಿಗೆ. ಟಿವಿ ಮುಂದೆಯೂ ಹೋಳಿಗೆ!

"ಅತ್ತಿ, ಎಷ್ಟು ಮಂದಿ ಬರಾಕತ್ತಾರ?"

"ಐದೋ ಆರೋ ಏಳೋ ಅಂದಾರ. ನಾವು ಮೂರು ಮಂದಿ. ಅಂದ್ರ ಎಂಟು, ಒಂಬತ್ತು, ಇಲ್ಲಾ ಹತ್ತು. ಯಾವುದರಿಂದ ಭಾಗಿಸಿದ್ರೂ ಶೇಷ ಉಳೀಬಾರದು. ಎಂಟಕ್ಕ ಮೂರು ಸಲ ಎರಡು ಬೇಕು, ಒಂಬತ್ತಕ್ಕ ಎರಡು ಸಲ ಮೂರು, ಹತ್ತಕ್ಕ ಇನ್ನೊಂದು ಐದು. ಗುಣಸು."

ಗುಣಿಸಿದೆ. ಮುನ್ನೂರ ಅರವತ್ತು! ಕುರ್ಚಿಯಲ್ಲಿ ಕೂತೆ. ಕೂಡಲೇ ಎದ್ದೆ. ಅಲ್ಲಿಯೂ ಹೋಳಿಗೆ ಇತ್ತು.

"ಇಷ್ಟು ಯಾರು ತಿಂತಾರ?"

"ತಿಂದಷ್ಟು ತಿಂದು ಉಳದದ್ದು ಒಯ್ತಾರ. ಬೀಗರನ್ನ ಬರಿಗೈಲೆ ಕಳಸ್ತೀಯೇನು?"

ಜೀಪು ಬಂತು. ಏಳು ಜನ ಇಳಿದರು. ನಾವು ಸೇರಿ ಹತ್ತು. ಅತ್ತೆಯ ಮುಖ ಅರಳಿತು. ಆಗ ಹಿಂದಿನ ಸೀಟಿನಿಂದ, ಕೋಲೂರಿಕೊಂಡು, ಹುಡುಗನ ಅಜ್ಜಿ ಇಳಿದರು.

ಹನ್ನೊಂದು! ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಎಂಟು ಉಳೀತಾವ, ತಗದು ಆಕಳಿಗೆ ಹಾಕೂಣು, ಸರಿ ಹೋಗ್ತದ" ಎಂದು ಪಿಸುಗುಟ್ಟಿದೆ.

"ಶೇಷ ಮುಚ್ಚಿಡಾಕ ಹೇಳ್ತೀಯಾ? ನೀ ನನ್ನ ಕೈಯಾಗ ಕಲ್ತವನೇನೋ?"

ಎಲ್ಲರೂ ಕೂತರು. ಅತ್ತೆ ಊಟಕ್ಕೆ ಕರೆಯಲೇ ಇಲ್ಲ. ತಂಗಿಯ ಕಣ್ಣು ತುಂಬಿತ್ತು. ಕೊನೆಗೆ ಹುಡುಗನ ತಾಯಿ, "ನಮ್ಮಿಂದ ಏನರ ತಪ್ಪಾತೇನ್ರಿ?" ಎಂದರು.

"ನಿಮ್ಮದೇನಿಲ್ರಿ. ಹನ್ನೊಂದು ಮಂದಿಗೆ ಸಮ ಹಂಚಾಕ ಮೂರು ಹೋಳಗಿ ಕಡಿಮಿ ಬೀಳ್ತಾವ!"

ಮುಗಿಯಿತು ಎಂದು ಕಣ್ಣು ಮುಚ್ಚಿದೆ. ತೆರೆದಾಗ ಹುಡುಗ ಎದ್ದು ನಿಂತು ಅಂಗಿಯ ತೋಳು ಮಡಚುತ್ತಿದ್ದ.

"ಮೂರಽ ಹೌದಲ್ರಿ? ಹೂರಣ ಐತೇನು?"

ಹೆಣ್ಣು ನೋಡಲು ಬಂದವನು ನೇರ ಅಡುಗೆಮನೆಗೆ ಹೋದ! ಅತ್ತೆ ಒಂದು ಲಟ್ಟಿಸಿದರು, ತಂಗಿ ಒಂದು, ಅವನು ಒಂದು. ಅವನದರ ಆಕಾರವನ್ನು ನಾನು ಹೇಳುವುದಿಲ್ಲ. ತಿಂದದ್ದು, ಕಟ್ಟಿದ್ದು ಸೇರಿ ತಲೆಗೆ ಮೂವತ್ತಮೂರು ಬಂತು. "ಹುಡಗಿ ಪಸಂದ ಅದಾಳ" ಎಂದು ಅಜ್ಜಿಯೇ ಸಾರಿದರು.

ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಅತ್ತೆ ಕಟ್ಟೆಯ ಮೇಲೆ ಕೂತರು. ಆಮೇಲೆ ತಂಗಿಯ ಮುಖ ನೋಡದೆ ಕೇಳಿದರು: "ನೀ ಹೋದ ಮ್ಯಾಲ ಹಬ್ಬದ ಹೋಳಗಿ ನಾ ಎರಡರಿಂದ ಭಾಗಿಸ್ಲೋ, ಮೂರರಿಂದೋ?"

ಜೀವಮಾನದಲ್ಲಿ ಅವರಿಗೆ ಉತ್ತರ ತಿಳಿಯದ ಲೆಕ್ಕವನ್ನು ನಾನು ಕಂಡದ್ದು ಅದೊಂದೇ. ಗಣಿತವೆಂದರೆ ಓಡಿಹೋಗುತ್ತಿದ್ದ ತಂಗಿ ಅವರ ಪಕ್ಕ ಕೂತು, ಹಿಟ್ಟು ಹತ್ತಿದ ಆ ಕೈ ಹಿಡಿದಳು.

"ಆರು ಮಾಡು, ಅತ್ತಿ. ನಾ ಬಂದ್ರೂ ಹೊಂದತದ, ಬರದಿದ್ರೂ ಹೊಂದತದ."