ಒದ್ದೆ ಕೇಕಿಗೆ ಒಣ ವೈನು

ಬೆಳಗಿನ ತಿಂಡಿಯನ್ನು ಹನ್ನೊಂದು ಗಂಟೆಯವರೆಗೆ ದೂಡಿ, ಮಧ್ಯಾಹ್ನದ ಊಟವನ್ನು ಹನ್ನೊಂದು ಗಂಟೆಗೇ ಎಳೆದುತಂದು, ಎರಡನ್ನೂ ಒಂದೇ ತಟ್ಟೆಗೆ ಸುರಿಯುವ ಅವ್ಯವಸ್ಥೆಗೆ ಬ್ರಂಚ್ ಎಂದು ಹೆಸರು. (ನಾನು ಅದಕ್ಕೆ ಕನ್ನಡದಲ್ಲಿ ‘ತಿಂಡೂಟ’ ಎಂದು ನಾಮಕರಣ ಮಾಡಿದ್ದೇನೆ. ಪದ ಚೆನ್ನಾಗಿದೆ ಎಂದು ನನ್ನ ಹೊರತು ಇದುವರೆಗೆ ಯಾರೂ ಹೇಳಿಲ್ಲ.) ಆ ಹೊತ್ತಿನಲ್ಲಿ ಜನ ಗುಳ್ಳೆಯೇಳುವ ವೈನನ್ನೂ ಕುಡಿಯುತ್ತಾರೆಂದು ತಿಳಿದ ದಿನ ನನ್ನ ಪೆನ್ನು ತಾನಾಗಿಯೇ ಜೇಬಿನಿಂದ ಎದ್ದು ನಿಂತಿತು.

ನಾನು ಪತ್ರಿಕೆಯಲ್ಲಿ ವಾರಕ್ಕೊಂದು ಅಂಕಣ ಬರೆಯುವವನು. ಕಲಿತದ್ದೆಲ್ಲ ಗ್ರಂಥಾಲಯದ ಕಪಾಟಿನ ಮುಂದೆ ನಿಂತುಕೊಂಡೇ. ಅದಕ್ಕಾಗಿ ಯಾವ ಮೇಷ್ಟ್ರನ್ನೂ ದೂರುವ ಹಾಗಿಲ್ಲ. ಬ್ರೆಡ್ಡಿನಲ್ಲಿ, ಸಾಸಿನಲ್ಲಿ, ಕೆಮ್ಮಿನ ಔಷಧಿಯಲ್ಲಿ ಕಳ್ಳನಂತೆ ಅಡಗಿ ಕೂತಿರುವ ಸಕ್ಕರೆಯ ಮೇಲೆ ಹನ್ನೊಂದು ಲೇಖನ ಬರೆದಿದ್ದೇನೆ. ಸಕ್ಕರೆ ಕಾರ್ಖಾನೆ ಒಂದೂ ಮುಚ್ಚಿಲ್ಲ ನಿಜ. ಆದರೆ ನನ್ನ ಅಂಕಣ ಓದುವುದನ್ನು ಬಿಟ್ಟಿರುವುದಾಗಿ ಮೂವರು ಪತ್ರ ಬರೆದಿದ್ದಾರೆ. ಪರಿಣಾಮ ಎಂದರೆ ಪರಿಣಾಮವೇ.

ಇಂಥವನ ಹೆಂಡತಿ ಕೇಕು ಮಾಡುತ್ತಾಳೆ. ಹಗಲು ದಂತವೈದ್ಯರ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು ಹಲ್ಲು ಕೆಟ್ಟವರಿಗೆ ಸಮಯ ಗೊತ್ತುಮಾಡುತ್ತಾಳೆ. ಸಂಜೆ ಮನೆಗೆ ಬಂದು ಅವರ ಸಂಖ್ಯೆ ಕಡಿಮೆಯಾಗದಂತೆ ನೋಡಿಕೊಳ್ಳುತ್ತಾಳೆ. ಆರು ವರ್ಷದಿಂದ ಅವಳದು ಒಂದೇ ಕನಸು: ಕ್ಲಿನಿಕ್ಕಿನ ಕೆಲಸ ಬಿಟ್ಟು ಓವನ್ ಮುಂದೆ ನಿಲ್ಲಬೇಕು. ಆ ಕನಸಿಗೆ ಕೊನೆಗೂ ಒಂದು ಬಾಗಿಲು ತೆರೆದಿತ್ತು. ದೊಡ್ಡ ಹೋಟೆಲೊಂದು ಭಾನುವಾರದ ಬ್ರಂಚ್ ಶುರುಮಾಡುತ್ತಿತ್ತು. ಅವರ ಮುಖ್ಯ ಶೆಫ್ ಒಬ್ಬ ಹೆಂಗಸು. ಅವರೇ ನಮ್ಮ ಮನೆಗೆ ಬಂದು ಕಿತ್ತಳೆ ರಸದಲ್ಲಿ ನೆನೆಸಿದ ಇವಳ ಕೇಕನ್ನು ರುಚಿ ನೋಡುವವರಿದ್ದರು. ಹಿಡಿಸಿದರೆ ಪ್ರತಿ ಭಾನುವಾರದ ಕೇಕೂ ಇವಳದೇ. ಷರತ್ತು ಒಂದೇ, ಕೇಕಿಗೆ ಹೊಂದುವ ಗುಳ್ಳೆ ವೈನನ್ನೂ ನಾವೇ ಆರಿಸಿ ತೋರಿಸಬೇಕು.

“ರೀ, ನನಗೆ ಕೈ ಬಿಡುವಿಲ್ಲ. ವೈನಿಂದು ಸ್ವಲ್ಪ ಓದ್ಕೊಂಡು ತಂದುಬಿಡ್ತೀರಾ?” ಎಂದಳು.

‘ಓದಿಕೊಂಡು’ ಎಂಬ ಮಾತು ನನ್ನ ಕಿವಿಗೆ ಬಿದ್ದರೆ ಮುಗಿಯಿತು. ಮೂರು ದಿನ ಗ್ರಂಥಾಲಯದಲ್ಲಿ ಬಿಡಾರ ಹೂಡಿದೆ. ಕುತೂಹಲ ಎಂಬುದು ಸಿಟ್ಟಿಗಿಂತ ಕೆಟ್ಟದ್ದು, ಊಟ ನಿದ್ದೆ ಎರಡನ್ನೂ ಬಿಡಿಸುತ್ತದೆ. ಗುಳ್ಳೆ ಎಲ್ಲಿಂದ ಬರುತ್ತದೆ, ಯಾಕೆ ಮೇಲಕ್ಕೇ ಹೋಗುತ್ತದೆ, ಲೋಟ ಯಾಕೆ ಸಪೂರ ಇರಬೇಕು, ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡೆ. ನಾಲ್ಕನೇ ದಿನ ರಹಸ್ಯ ಕೈಗೆ ಸಿಕ್ಕಿತು. ವೈನಿನಲ್ಲಿ ‘ಡ್ರೈ’ ಎಂಬ ಜಾತಿ ಇದೆ. ಡ್ರೈ ಎಂದರೆ ಒಣ. ಇವಳ ಕೇಕಾದರೋ ರಸದಲ್ಲಿ ಮುಳುಗಿದ ಒದ್ದೆ ಮುದ್ದೆ. ಒದ್ದೆಯನ್ನು ಹೀರಲು ಒಣದ್ದು ಬೇಕು ಎನ್ನುವುದಕ್ಕೆ ಪಾಂಡಿತ್ಯವೇನೂ ಬೇಡ, ಒಂದು ಟವೆಲ್ಲು ಸಾಕು.

ಮನೆಯಲ್ಲಿ ಸಿದ್ಧಾಂತ ಮಂಡಿಸಿದೆ. ನಮ್ಮತ್ತೆ, ಅಂದರೆ ಇವಳ ತಾಯಿ, ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು. ಆಲ್ಕೋಹಾಲ್ ಎಂದರೆ ಸೂಜಿ ಚುಚ್ಚುವ ಮುಂಚೆ ತೋಳಿಗೆ ಒರೆಸುವುದು ಎಂದಷ್ಟೇ ಅವರ ಲೆಕ್ಕ.

“ಒಣಗಿರೋದನ್ನ ಕುಡಿಯೋದು ಹೇಗೆ ಅಳಿಯಂದ್ರೆ? ರಾತ್ರಿಯೇ ನೀರಲ್ಲಿ ನೆನೆಹಾಕ್ಬೇಕಾ?” ಎಂದು ಕೇಳಿದರು.

“ಇದು ತಾಂತ್ರಿಕ ಪದ ಅತ್ತೆ.”

“ಹಾಗಾದ್ರೆ ಅರ್ಥ ಗೊತ್ತಿಲ್ಲ ಅನ್ನಿ,” ಎಂದು ಬಟಾಣಿ ಬಿಡಿಸುವುದನ್ನು ಮುಂದುವರಿಸಿದರು.

ವೈನಂಗಡಿಯಾತ ಮೊದಲು ಕೇಳಿದ್ದೇ, “ಜೊತೆಗೆ ಏನು ತಿಂತೀರಿ ಸಾರ್?” ಎಂದು. ಕೇಕು ಎಂದ ತಕ್ಷಣ ಒಂದು ಬಾಟಲಿ ಮುಂದಿಟ್ಟ. “ಇದು ಸಿಹಿ ಇರುತ್ತೆ. ಕೇಕಿಗೆ ಇದೇ ಸರಿ.”

ವೈನಿನಲ್ಲೂ ಸಕ್ಕರೆ! ನನ್ನ ಹನ್ನೊಂದು ಲೇಖನಗಳೂ ಒಟ್ಟಿಗೆ ರಕ್ತದಲ್ಲಿ ಕುದಿದವು. “ನೋಡಪ್ಪಾ, ಅಂಗಡಿಯಲ್ಲಿ ಇರೋದ್ರಲ್ಲೆಲ್ಲ ಅತಿ ಒಣಗಿದ್ದು ಯಾವುದೋ ಅದನ್ನು ಕೊಡು.”

“ಅದು ಬೇರೆ ತಿಂಡಿಗೆ ಸಾರ್. ಕೇಕಿನ ಮೇಲೆ ಕುಡಿದ್ರೆ...”

“ನಾನು ಓದಿದ್ದೀನಿ,” ಎಂದೆ. ಆತ ನಾನು ಕೇಳಿದ್ದನ್ನೇ ಕಟ್ಟಿಕೊಟ್ಟ. ಓದಿದವರ ಜೊತೆ ಆತನಿಗೆ ಮೊದಲೇ ಅನುಭವವಿತ್ತೆಂದು ಕಾಣುತ್ತದೆ.

ಭಾನುವಾರ ಹನ್ನೊಂದಕ್ಕೆ ಶೆಫ್ ಮೇಡಂ ಬಂದರು. ಹೆಚ್ಚು ಮಾತಿಲ್ಲ, ಎಲ್ಲವನ್ನೂ ಮೂಗಿನಿಂದಲೇ ನೋಡುವ ಜನ. ಬಾಟಲಿ ತೆರೆಯುವ ವಿಧಿಯಲ್ಲಿ ನಾನು ಗೆದ್ದೆ. ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಬೇಕು ಎಂದು ಓದಿದ್ದೆ. ಹಾಗೇ ಮಾಡಿದೆ, ಬರೀ ಒಂದು ನಿಟ್ಟುಸಿರಿನ ಸದ್ದು. ಚಾವಣಿಗೂ ಏನೂ ಆಗಲಿಲ್ಲ, ಅತ್ತೆಯ ಕನ್ನಡಕಕ್ಕೂ ಏನೂ ಆಗಲಿಲ್ಲ. ಹೆಂಡತಿ ನನ್ನತ್ತ ಹೆಮ್ಮೆಯಿಂದ ನೋಡಿದಳು. ಮದುವೆಯಾದ ಮೇಲೆ ಇದು ಎರಡನೇ ಸಲ.

ಶೆಫ್ ಮೇಡಂ ಕೇಕನ್ನು ಬಾಯಿಗಿಟ್ಟರು. ಕಣ್ಣು ಅರಳಿತು. ಆಮೇಲೆ ವೈನು ಹೀರಿದರು. ಅರಳಿದ ಕಣ್ಣು ಅಲ್ಲೇ ಮುದುಡಿತು, ಜೊತೆಗೆ ಮೂಗು, ಹುಬ್ಬು, ಕೆನ್ನೆ.

“ಹುಳಿ,” ಎಂದರು.

“ಕೇಕಾ?” ಎಂದಳು ಇವಳು.

“ಗೊತ್ತಾಗ್ತಿಲ್ಲ. ಬಾಯೆಲ್ಲ ಹುಳಿ.” ಅವರು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕೈಚೀಲದ ಕಡೆ ನೋಡಿದರು. ಆರು ವರ್ಷದ ಕನಸು ಮೇಜಿನಿಂದ ಎದ್ದು ಚಪ್ಪಲಿ ಹುಡುಕುತ್ತಿರುವಂತೆ ನನಗೆ ಕಂಡಿತು.

ಒದ್ದೆಗೆ ಒಣ ಎಂಬ ನನ್ನ ಸಿದ್ಧಾಂತವನ್ನು ಅವರ ಮುಂದೆ ವಿವರಿಸಿದೆ. ಟವೆಲ್ಲಿನ ಉದಾಹರಣೆಯನ್ನೂ ಬಿಡಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಉಪ್ಪು ಹಾಕಿ ಕರಿದ ಆಲೂಗಡ್ಡೆ ತುಂಬಿದ ತಟ್ಟೆ ಹಿಡಿದು ಬಂದರು.

“ತಪ್ಪು ತಿಳೀಬೇಡಿ ಮೇಡಂ. ಹನ್ನೊಂದರವರೆಗೆ ಹೊಟ್ಟೆ ಖಾಲಿ ಇಟ್ಕೊಂಡ್ರೆ ನನಗೆ ತಲೆ ತಿರುಗುತ್ತೆ. ನಂಗೇ ಅಂತ ಮಾಡ್ಕೊಂಡೆ. ನೀವೂ ಎರಡು ತಗೊಳ್ಳಿ.”

ಶೆಫ್ ಮೇಡಂ ಒಂದು ತಿಂದು, ಬೇಡದ ಮನಸ್ಸಿನಿಂದ ಅದೇ ವೈನನ್ನು ಹೀರಿದರು. ಹುಬ್ಬು ಮೇಲಕ್ಕೆ ಹೋಯಿತು. ಇನ್ನೊಂದು ತಿಂದರು. ನನಗೂ ತಡೆಯಲಾಗಲಿಲ್ಲ. ಎಣ್ಣೆಯ ಜಿಡ್ಡನ್ನು ಗುಳ್ಳೆಗಳು ಗುಡಿಸಿಕೊಂಡು ಹೋಗುತ್ತಿದ್ದವು; ಉಪ್ಪಿನ ಮೇಲೆ ಆ ಹುಳಿ ನಿಂಬೆ ಹಿಂಡಿದ ಹಾಗೆ ಬೀಳುತ್ತಿತ್ತು. (“ಇದನ್ನೂ ಮೊದಲೇ ಯೋಚಿಸಿದ್ದೆ,” ಎಂದೆ. ಯಾರೂ ತಿರುಗಿ ನೋಡಲಿಲ್ಲ.)

ಆಮೇಲೆ ಶೆಫ್ ಮೇಡಂ ನೀರು ಕುಡಿದು ಬಾಯಿ ಹಸನು ಮಾಡಿಕೊಂಡು ಕೇಕನ್ನು ಮತ್ತೆ ಎಳೆದುಕೊಂಡರು. ಈ ಸಲ ಬರೀ ಕೇಕು. ಇಡೀ ತುಂಡು ಮುಗಿಯುವವರೆಗೆ ತಲೆ ಎತ್ತಲಿಲ್ಲ.

“ಕೇಕಿನ ತಪ್ಪಲ್ಲಮ್ಮ,” ಎಂದರು ಇವಳಿಗೆ. “ಡ್ರೈ ಅಂದ್ರೆ ಒಣ ಅಲ್ಲ, ಸಿಹಿ ಇಲ್ಲದ್ದು. ಬಾಯಲ್ಲಿ ಇಷ್ಟು ಸಿಹಿ ಇರುವಾಗ ಸಿಹಿಯೇ ಇಲ್ಲದ್ದು ಬಂದ್ರೆ ಹುಳಿಯೇ ಅನ್ಸೋದು. ಕೇಕಿನಷ್ಟೇ ಸಿಹಿ ವೈನು ಬೇಕಿತ್ತು. ಕೇಳಿದ್ದಿದ್ರೆ ಅಂಗಡಿಯವನೇ ಹೇಳ್ತಿದ್ದ.”

ಅಂಗಡಿಯವನ ವಿಷಯದಲ್ಲಿ ನಾನು ಮೌನ ವಹಿಸಿದೆ. ನನ್ನ ಆತ್ಮಸಾಕ್ಷಿ ಬಹಳ ಚುರುಕು. ಆದರೆ ಕರೆದಾಗಲೆಲ್ಲ ಎದ್ದು ಬರುವುದಿಲ್ಲ.

“ಮುಂದಿನ ಭಾನುವಾರದಿಂದ ಕೇಕು ಕಳಿಸಿ. ಅಮ್ಮನ ಆಲೂಗಡ್ಡೆಯನ್ನೂ ಪಟ್ಟಿಗೆ ಹಾಕ್ತೀನಿ. ಜೊತೆಗೆ ನಿಮ್ಮ ಯಜಮಾನರು ತಿಂಗಳಿಗೊಂದು ಸಲ ನಮ್ಮ ಅಡುಗೆಮನೆಗೆ ಬರಬೇಕು.”

ನಾನು ಕೂತಲ್ಲೇ ಎರಡಂಗುಲ ಬೆಳೆದೆ.

“ಹೊಸ ತಿಂಡಿ, ಹೊಸ ವೈನು ಅವರ ಮುಂದೆ ಇಡ್ತೀವಿ. ಅವರು ಭೇಷ್ ಅಂದಿದ್ದನ್ನ ಅವತ್ತೇ ಪಟ್ಟಿಯಿಂದ ತೆಗೆದುಬಿಡ್ತೀವಿ.”

“ಖಂಡಿತ ಬರ್ತಾರೆ,” ಎಂದಳು ಹೆಂಡತಿ, ನನ್ನ ಕಡೆ ತಿರುಗದೆ.

ಈಗ ಮೂರು ಸಲ ಹೋಗಿಬಂದಿದ್ದೇನೆ. ನನ್ನ ಮೆಚ್ಚುಗೆಗೆ ಪಾತ್ರವಾದ ನಾಲ್ಕು ತಿನಿಸುಗಳು ಭೂಮಿಯ ಮೇಲಿಲ್ಲ. ಕೊನೆಯ ಸಲ ಬೇಯಿಸಿದ ಮೊಟ್ಟೆಯ ಮೇಲೆ ಅದೇನೋ ಅಣಬೆಯ ಗೊಜ್ಜು, ಪಕ್ಕದಲ್ಲಿ ಕೆಂಪು ಗುಳ್ಳೆ ವೈನು ಇಟ್ಟರು. ಅಬ್ಬಬ್ಬಾ. ಇಂಥದ್ದು ಅಳಿಯಬಾರದು ಅನ್ನಿಸಿತು. ಜನ್ಮವಿಡೀ ಸುಳ್ಳಿನ ವಿರುದ್ಧ ಬರೆದ ನಾನು ಮುಖ ಸಿಂಡರಿಸಿ “ಥೂ” ಎಂದೆ. ಶೆಫ್ ಮೇಡಂ ಸಂತೋಷದಿಂದ ಅದನ್ನು ಪಟ್ಟಿಯ ತಲೆಗೇ ಬರೆಸಿದರು.

ಮೊನ್ನೆ ಹೆಂಡತಿ ಹೋಟೆಲಿಗೆ ಕೇಕು ಕೊಟ್ಟು ಬಂದವಳು ನನ್ನ ಎದುರಿಗೆ ಕೂತು ಮುಖವನ್ನೇ ನೋಡಿದಳು.

“ರೀ, ನಿಜ ಹೇಳಿ. ಆ ಮೊಟ್ಟೆ ಗೊಜ್ಜು ನಿಮಗೆ ಇಷ್ಟ ಆಗಿತ್ತು, ಅಲ್ವಾ?”

“ಯಾಕೆ?”

“ಎರಡು ಭಾನುವಾರ ಆಯ್ತು. ಒಬ್ಬರೂ ಮುಟ್ಟಿಲ್ಲವಂತೆ.”